ತೋಟದ ಹಾವುರಾಣಿ

ಶಿವಮೊಗ್ಗ, ಭದ್ರಾವತಿ ಸುತ್ತಿನ ಅಡಿಕೆ ತೋಟಗಳಲ್ಲಿ ಒಣಸೋಗೆ ಎತ್ತಿದಾಗ ಸರಕ್ಕನೆ ಜಾರುವ ಕಂದುಬಣ್ಣದ ಹೊಳಪಿನ ಜೀವಿಯೇ ಹಾವುರಾಣಿ. ಇದರ ದೊಡ್ಡ ಜಾತಿಯೊಂದನ್ನು ಜರ್ಮನಿಯ ಷ್ನೈಡರ್ 1801ರಲ್ಲೇ ವರ್ಣಿಸಿದ್ದನು. ಹೆಸರಿನಲ್ಲಿ ಹಾವಿದ್ದರೂ ಇದು ಹಲ್ಲಿಯ ಬಳಗ. ನಾಲ್ಕು ಕಾಲುಗಳು, ಮುಚ್ಚಿ ತೆರೆಯುವ ರೆಪ್ಪೆ, ಬೆನ್ನಿನ ಹುರುಪೆಗಳ ಮೇಲೆ ಸಣ್ಣ ಏಣುಗಳು. ವಿಷವಂತೂ ಇಲ್ಲ. ಆದರೂ ಕಂಡಕೂಡಲೇ ಕತ್ತಿ ಎತ್ತುವವರು ನಮ್ಮಲ್ಲಿದ್ದಾರೆ! ಇದು ತಿನ್ನುವುದು ಮಿಡತೆ, ಜಿರಲೆ, ಜೇಡ, ಹುಳುಗಳನ್ನು. ಬೆಳಗಿನ ಬಿಸಿಲಿಗೆ ಮೈಯೊಡ್ಡಿ, ಕಾವೇರಿದ ಮೇಲೆ ಬೇಟೆಗೆ ಹೊರಡುತ್ತದೆ. ಶತ್ರು ಹಿಡಿದರೆ ಬಾಲ ಕಳಚಿ ಓಡುತ್ತದೆ. ಬಾಲ ಮತ್ತೆ ಬೆಳೆಯುತ್ತದೆ. ಮೊಟ್ಟೆ ಇಡುವುದು ನೆಲದಲ್ಲಿ. ದರಗಿಗೆ ಬೆಂಕಿ ಹಾಕಿದರೆ ಆಸರೆಯೂ ಆಹಾರವೂ ಒಟ್ಟಿಗೇ ಹೋಗುತ್ತವೆ. ಆದುದರಿಂದ ದರಗನ್ನು ಸುಡದೆ ಮರದ ಬುಡಕ್ಕೆ ಹೊದಿಸಿರಿ. ಅಗತೆಯಲ್ಲಿ ಮೊಟ್ಟೆಗಳು ಕಂಡರೆ, ಮಗ್ಗುಲು ತಿರುಗಿಸದೆ ಮಣ್ಣು ಮುಚ್ಚಿರಿ.