ಒಂದೇ ಇಮೇಲ್, ನಾಲ್ಕು ವೆಬ್‌ಸೈಟ್
ಚಿಂತಾಮಣಿಯ ಟೊಮೆಟೊ, ಶಿಡ್ಲಘಟ್ಟದ ರೇಷ್ಮೆಗೂಡು, ಚಿಕ್ಕಬಳ್ಳಾಪುರದ ಹೂವು, ಗೌರಿಬಿದನೂರಿನ ಮುಸುಕಿನ ಜೋಳ: ನಿಮ್ಮ ನಾಲ್ಕೂ ಸೈಟುಗಳಿಗೆ ಒಂದೇ ಜಾಂಗೋ ಕೋಡ್ ಇಟ್ಟಿರುವುದು ಸರಿಯೇ. ತೊಡಕಿರುವುದು ಇಮೇಲ್ ಕಾಲಂನಲ್ಲಿ. ಅದೊಂದಕ್ಕೇ ‘ಯುನೀಕ್’ ನಿಯಮ ಹಾಕಿದ್ದೀರಿ; ಗೂಡಿನ ಸೈಟಿನಲ್ಲಿರುವ ರೈತರು ಟೊಮೆಟೊ ಸೈಟಿಗೆ ಬಂದರೆ ‘ಈ ಇಮೇಲ್ ಆಗಲೇ ಇದೆ’ ಎಂದು ತಳ್ಳುತ್ತದೆ.

ನಾಲ್ಕರ ಮಾಲೀಕರೂ ನೀವೇ ಆದ್ದರಿಂದ ಒಬ್ಬರಿಗೆ ಒಂದೇ ಖಾತೆ ಸಾಕು. ಯಾರು ಯಾವ ಸೈಟಿನ ಸದಸ್ಯರೆಂಬುದನ್ನು ಬೇರೆ ಟೇಬಲ್ಲಿನಲ್ಲಿಡಿ. ಇದರ ಬದಲು ಸೈಟು-ಇಮೇಲ್ ಜೋಡಿಗೆ ಯುನೀಕ್ ಕೊಡಬಹುದು, ಆದರೆ ಆಗ ಲಾಗಿನ್ ಬ್ಯಾಕೆಂಡನ್ನು ನೀವೇ ಬರೆಯಬೇಕು. ಮಾಲೀಕರು ಬೇರೆಬೇರೆಯಾದರೆ ಮಾತ್ರ ಆ ಗೋಜು. ಖಾತೆ ಒಂದೇ ಇದ್ದರೂ ಡೊಮೇನ್ ಬೇರೆಯಾದರೆ ಕುಕೀ ಹಂಚಿಕೆಯಾಗದು, ಪ್ರತಿ ಸೈಟಿನಲ್ಲೂ ಲಾಗಿನ್ ಆಗಲೇಬೇಕು. ಪಾಸ್‌ವರ್ಡ್ ಬದಲಿಸುವ ಇಮೇಲ್‌ನಲ್ಲಿ ರೈತರು ಬಂದ ಸೈಟಿನ ಹೆಸರೇ ಇರಲಿ. ಇಲ್ಲದಿದ್ದರೆ ಮೋಸದ ಮೇಲ್ ಎಂದು ಅಳಿಸಿಬಿಡುತ್ತಾರೆ.