ಮಕ್ಕಳ ಬುದ್ಧಿಗೆ ಸಿದ್ಧ ಉತ್ತರ ಪಥ್ಯವೇ?

ಪರೀಕ್ಷೆಗಳು ಸಮೀಪಿಸಿದಂತೆ ಮಕ್ಕಳ ಜ್ಞಾಪಕಶಕ್ತಿಗೆ ಔಷಧಿ ಕೇಳಿಕೊಂಡು ಬರುವ ತಂದೆತಾಯಿಗಳು ನಮಗೆ ಹೊಸಬರಲ್ಲ. ಈಚೆಗೆ ತಾಯಿಯೊಬ್ಬರು ಒಂಬತ್ತನೆಯ ತರಗತಿಯ ಮಗನನ್ನು ಕರೆತಂದು, "ಮನೆಯಲ್ಲಿ ಎಲ್ಲವನ್ನೂ ಚೆನ್ನಾಗಿ ಬರೆಯುತ್ತಾನೆ, ಪರೀಕ್ಷೆಯಲ್ಲಿ ಏನೂ ನೆನಪಿರುವುದಿಲ್ಲ. ಬ್ರಾಹ್ಮೀ ಘೃತ ಕೊಡಿ ಡಾಕ್ಟ್ರೇ" ಎಂದರು. ಬಾಲಕನ ನಿದ್ರೆ, ಹಸಿವು, ದೃಷ್ಟಿ ಎಲ್ಲವೂ ಸರಿಯಾಗಿದ್ದವು. ಅವನದೇ ಪ್ರಬಂಧದ ಒಂದು ವಾಕ್ಯವನ್ನು ವಿವರಿಸಲು ಹೇಳಿದಾಗ ತಲೆ ತಗ್ಗಿಸಿದನು. ಅದನ್ನು ಬರೆದದ್ದು ಮೊಬೈಲಿನ ಚಾಟ್‌ಬಾಟ್. ಕಲಿಯದೇ ಇದ್ದುದನ್ನು ಮರೆಯುವುದಾದರೂ ಹೇಗೆ?

ಆಯುರ್ವೇದವು ಬುದ್ಧಿಯ ಶಕ್ತಿಯನ್ನು ಧೀ, ಧೃತಿ, ಸ್ಮೃತಿ ಎಂದು ಮೂರು ಬಗೆಯಾಗಿ ಹೇಳುತ್ತದೆ. ಧೀ ಎಂದರೆ ಸರಿತಪ್ಪುಗಳನ್ನು ಅರಿಯುವ ಶಕ್ತಿ, ಧೃತಿ ಎಂದರೆ ಮನಸ್ಸನ್ನು ಹಿಡಿದು ನಿಲ್ಲಿಸುವ ಶಕ್ತಿ, ಸ್ಮೃತಿ ಎಂದರೆ ನೆನಪು. ಕಠಿಣ ಲೆಕ್ಕದ ಮುಂದೆ ತಾಳ್ಮೆಯಿಂದ ಕುಳಿತಾಗ ಈ ಮೂರೂ ಬೆಳೆಯುತ್ತವೆ. ಹಸಿವಿಲ್ಲದೆ ಉಂಡ ಅನ್ನವು ಪಚನವಾಗದೆ ಆಮವಾಗುವಂತೆ, ಯೋಚಿಸದೆ ಪಡೆದ ಉತ್ತರವು ಜ್ಞಾನವಾಗದು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿ ದೇಶದಲ್ಲಿ ಸುಮಾರು 1000 ಪ್ರೌಢಶಾಲಾ ವಿದ್ಯಾರ್ಥಿಗಳ ಗಣಿತ ಕಲಿಕೆಯನ್ನು ಪರಿಶೀಲಿಸಿದರು. ಚಾಟ್‌ಬಾಟ್ ಬಳಸಿದವರು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48ರಷ್ಟು ಮುಂದಿದ್ದರು. ಅದನ್ನು ಹಿಂತೆಗೆದು ಪರೀಕ್ಷಿಸಿದಾಗ, ಎಂದೂ ಬಳಸದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ತಾವು ಹಿಂದುಳಿದೆವೆಂಬ ಅರಿವೂ ಆ ಮಕ್ಕಳಿಗಿರಲಿಲ್ಲ. ನೋವಿಲ್ಲದೆ ಬೆಳೆಯುವ ರೋಗವೇ ಹೆಚ್ಚು ಅಪಾಯಕರವೆಂಬುದು ವೈದ್ಯರಾದ ನಮ್ಮ ಅನುಭವ. ಆದರೆ ನೇರ ಉತ್ತರ ನೀಡದೆ ಸುಳಿವು ಮಾತ್ರ ನೀಡುವಂತೆ ರೂಪಿಸಿದಾಗ ಈ ಹಾನಿ ಬಹುಮಟ್ಟಿಗೆ ತಪ್ಪಿತು. ಆದುದರಿಂದ ದೋಷವಿರುವುದು ಬಳಕೆಯ ಕ್ರಮದಲ್ಲಿ.

ಚರಕಸಂಹಿತೆಯು ಸತ್ಯವನ್ನು ಅರಿಯಲು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂಬ ನಾಲ್ಕು ಪರೀಕ್ಷೆಗಳನ್ನು ಹೇಳಿದೆ. ಸಂಶಯರಹಿತ ಜ್ಞಾನವುಳ್ಳವರು ಮಾತ್ರ ಆಪ್ತರು. ಚಾಟ್‌ಬಾಟ್ ಪದಗಳನ್ನು ಸಂಭವನೀಯತೆಯ ಆಧಾರದಿಂದ ಜೋಡಿಸುತ್ತದೆ, ತಪ್ಪನ್ನೂ ಅಷ್ಟೇ ನಿರರ್ಗಳವಾಗಿ ಹೇಳಬಲ್ಲದು. ಅದರ ಮಾತನ್ನು ಆಪ್ತವಾಕ್ಯವೆಂದು ನಂಬದೆ ಉಳಿದ ಮೂರು ಪರೀಕ್ಷೆಗಳಿಗೆ ಒಡ್ಡುವುದನ್ನು ಮಕ್ಕಳಿಗೆ ಕಲಿಸಬೇಕು.

ಮನೆಯಲ್ಲಿ ಪಾಲಿಸಬೇಕಾದ ಪಥ್ಯ ಹೀಗಿದೆ:

1. ಮೊದಲ ಇಪ್ಪತ್ತು ನಿಮಿಷ ಕಾಗದದ ಮೇಲೆ ಸ್ವಂತ ಪ್ರಯತ್ನ ನಡೆಯಲಿ.
2. ಬಳಿಕ ಕೇಳುವುದಾದರೆ ಉತ್ತರವನ್ನಲ್ಲ, ಸುಳಿವನ್ನು ಕೇಳಲಿ.
3. ದೊರೆತುದನ್ನು ಪಠ್ಯಪುಸ್ತಕದೊಡನೆ ಹೋಲಿಸಿ, ಸಂಶಯವಿದ್ದರೆ ಗುರುಗಳನ್ನು ಕೇಳಲಿ.
4. ರಾತ್ರಿ ಮೊಬೈಲನ್ನು ಬದಿಗಿಟ್ಟು, ಕಲಿತುದನ್ನು ಹಿರಿಯರಿಗೆ ಸ್ವಂತ ಮಾತಿನಲ್ಲಿ ವಿವರಿಸಲಿ.
5. ಚಿಕ್ಕ ಮಕ್ಕಳಿಂದ ಇದನ್ನು ದೂರವಿಡುವುದು ಲೇಸು. ಯುನೆಸ್ಕೋ ತನ್ನ 2023ರ ಮಾರ್ಗಸೂಚಿಯಲ್ಲಿ ತರಗತಿಯ ಬಳಕೆಗೆ 13 ವರ್ಷದ ಕನಿಷ್ಠ ವಯೋಮಿತಿಯನ್ನು ಸೂಚಿಸಿದೆ.

ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ಶರಣರು ಪ್ರಶ್ನಿಸುತ್ತ, ಪ್ರಶ್ನೆಗೆ ಒಳಗಾಗುತ್ತ ಅರಿವನ್ನು ಬೆಳೆಸಿಕೊಂಡರು. ಆ ಪರಂಪರೆಯ ನಮ್ಮ ಮನೆಗಳಲ್ಲಿ ಮಕ್ಕಳ ಪ್ರಶ್ನೆಗೆ ಕಿವಿಗೊಡುವವರು ಯಂತ್ರದ ಹೊರತು ಬೇರೆ ಯಾರೂ ಇಲ್ಲವೆಂದಾಗಬಾರದು. ಆ ಬಾಲಕನಿಗೆ ನಾವು ಘೃತವನ್ನು ಕೊಡಲಿಲ್ಲ. ದಿನವೂ ಅರ್ಧ ಗಂಟೆ ಅವನ ಪಾಠವನ್ನು ಅವನ ಬಾಯಿಂದಲೇ ಕೇಳಬೇಕೆಂದು ತಾಯಿಗೆ ತಿಳಿಸಿದೆವು. ಬರಿಗೈಯಲ್ಲಿ ಹಿಂದಿರುಗುವಾಗ ಅವರ ಮುಖದಲ್ಲಿ ನಿರಾಸೆಯಿದ್ದುದು ನಿಜ. ಆದರೆ ಆ ಮಗುವಿಗೆ ಬೇಕಾಗಿದ್ದ ಔಷಧಿ ಅದೇ ಆಗಿತ್ತು.