ಬೀಗದ ಹೊಟ್ಟೆಯಲ್ಲಿ ಆರು ತಗಡು

ಸೊಸೆಗೆ ಬೀಗ ಬಿಚ್ಚಿ ನೋಡುವ ಹವ್ಯಾಸ. ಅಂದು ಅಡಿಗೆ ಕೆಲಸ ಮುಗಿಯಿತು. ಬಾಗಿಲಿನಿಂದ ತೆಗೆದಿಟ್ಟಿದ್ದ ಹಳೆಯ ಬೀಗ ಹಿಡಿದು ಜಗಲಿಯ ಮೇಲೆ ಕುಳಿತಳು. ಸ್ಕ್ರೂ ಬಿಚ್ಚಿದಳು. ಮುಚ್ಚಳ ಎತ್ತಿದಳು. ಟಣ್! ಒಳಗಿನ ತಗಡುಗಳು ಚಿಮ್ಮಿ ನೆಲಕ್ಕೆ ಬಿದ್ದವು.

"ಏನಾಯ್ತೇ?" ಅತ್ತೆ ಓಡಿ ಬಂದರು.

"ತಗಡು ಹಾರಿದ್ವು ಅತ್ತೆ. ಒಳಗೆ ಸ್ಪ್ರಿಂಗು ಇತ್ತು. ಅದು ತಳ್ಳಿಬಿಡ್ತು."

"ಅಯ್ಯೋ, ಮಗು ಅಲ್ಲೇ ಅಂಬೆಗಾಲಿಡ್ತಾ ಇದೆ. ಮೊದಲು ಎತ್ಕೊಳ್ಳೇ."

ಸೊಸೆ ಮಗುವನ್ನು ಎತ್ತಿಕೊಂಡಳು. ಅತ್ತೆ ಜಗಲಿ ಗುಡಿಸಿದರು. ಕಸವನ್ನು ಮೊರಕ್ಕೆ ಹಾಕಿ ಹುಡುಕಿದರು. ಒಂದು, ಎರಡು, ಮೂರು, ನಾಲ್ಕು, ಐದು.

"ಇಷ್ಟೇ ಏನೇ?"

ಸೊಸೆ ಬೀಗದ ಮೇಲಿನ ಅಂಕಿ ಓದಿದಳು. "6 ಲಿವರ್ ಅಂತ ಇದೆ. ಒಂದು ಕಮ್ಮಿ ಅತ್ತೆ!"

ಇಬ್ಬರಿಗೂ ಎದೆ ಧಸಕ್ಕೆಂದಿತು. ಮಗುವಿನ ಬಾಯಿ ನೋಡಿದರು. ಇಲ್ಲ. ಮುಷ್ಟಿ ಬಿಡಿಸಿದರು. ಆರನೆಯ ತಗಡು ಅಲ್ಲಿತ್ತು.

ತಗಡುಗಳನ್ನು ಜೋಡಿಸಿದರೂ ಬೀಗ ತಿರುಗಲಿಲ್ಲ. ಏಕೆ? ಸಾಲು ತಪ್ಪಿತ್ತು. ಸೊಸೆ ಬೀಗದಕೈಯ ಹಲ್ಲು ನೋಡಿ ನೋಡಿ ಸಾಲು ಸರಿಮಾಡಿದಳು. ಸಂಜೆ ಹೊತ್ತಿಗೆ ಬೀಗ ತಿರುಗಿತು.

ತಿಳಿಯೋಣ

ಬೀಗದೊಳಗಿನ ಈ ತೆಳು ತಗಡಿಗೆ ಲಿವರ್ ಎನ್ನುತ್ತಾರೆ. ಒಂದೊಂದು ತಗಡಿಗೂ ಒಂದು ಸ್ಪ್ರಿಂಗು. ಬೀಗದಕೈಯ ಹಲ್ಲುಗಳು ತಗಡುಗಳನ್ನು ಎತ್ತುತ್ತವೆ. ಎಲ್ಲ ತಗಡೂ ಸರಿಯಾದ ಎತ್ತರಕ್ಕೆ ಬಂದರೆ ಮಾತ್ರ ಬೀಗದ ನಾಲಿಗೆ ಸರಿಯುತ್ತದೆ. ಒಂದು ತಗಡು ಕಳೆದರೂ ಬೀಗ ತಿರುಗಬಹುದು. ಆದರೆ ಕಾವಲು ಒಂದು ಕಡಿಮೆ. ಅಂಥ ಬೀಗವನ್ನು ನಂಬಬೇಡಿ.

ಉತ್ತರ ಪ್ರದೇಶದ ಅಲಿಗಢ, ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ ಹೆಸರಾದ ಊರುಗಳು.

ನೆನಪಿಡಿ

1. ಮಕ್ಕಳಿಲ್ಲದ ಕಡೆ ಬೀಗ ಬಿಚ್ಚಿ.
2. ಅಂಚಿರುವ ತಟ್ಟೆಯಲ್ಲಿ ಬಟ್ಟೆ ಹಾಸಿ, ಅದರೊಳಗೆ ಬಿಚ್ಚಿ.
3. ಮುಖ ದೂರ ಇಡಿ. ಸ್ಪ್ರಿಂಗು ಕಣ್ಣಿಗೆ ಹಾರಬಹುದು.
4. ಮುಚ್ಚಳವನ್ನು ಬೆರಳಿನಿಂದ ಒತ್ತಿ ಹಿಡಿದು ಮೆಲ್ಲಗೆ ಎತ್ತಿ.
5. ತೆಗೆದ ತಗಡುಗಳನ್ನು ಸಾಲಾಗಿ ಇಡಿ. ಕಾಗದದಲ್ಲಿ 1, 2, 3 ಎಂದು ಗುರುತು ಮಾಡಿ.
6. ಕೊನೆಗೆ ಎಣಿಸಿ.
7. ಮಗು ಚೂರು ನುಂಗಿದರೆ ವಾಂತಿ ಮಾಡಿಸಬೇಡಿ. ಬಾಳೆಹಣ್ಣು, ಅನ್ನ ತಿನ್ನಿಸಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಉತ್ತರ ಬರೆಯಿರಿ

1. ಒಂದು ತಗಡು ಕಡಿಮೆ ಎಂದು ಸೊಸೆಗೆ ಹೇಗೆ ತಿಳಿಯಿತು?
2. ಜೋಡಿಸಿದ ಮೇಲೂ ಬೀಗ ಏಕೆ ತಿರುಗಲಿಲ್ಲ?
3. ನಿಮ್ಮ ಮನೆಯ ಬೀಗದ ಮೇಲೆ ಯಾವ ಅಂಕಿ ಇದೆ? ನೋಡಿ ಬರೆಯಿರಿ.